ಮೂರು ಸಾವಿರದ ಏಳುನೂರು ವರ್ಷದ ಬಾಚಣಿಗೆ, ಐದು ವರ್ಷದ ತಲೆ

ಇತಿಹಾಸ ಅಂದ ಕೂಡಲೇ ನಮಗೆ ರಾಜರು, ಕೋಟೆಗಳು, ಯುದ್ಧಗಳು ನೆನಪಾಗುತ್ತವೆ. ಇವತ್ತಿನ ಯುದ್ಧ ಮಾತ್ರ ನಿಮ್ಮ ಮನೆಯದ್ದೇ. ಸ್ಕೂಲ್ ವ್ಯಾನ್ ಬರೋಕೆ ಹದಿನೈದು ನಿಮಿಷ ಇದೆ, ಮಗುವಿನ ತಲೆ ತುಂಬ ಸಿಕ್ಕು, ಬಾಚಣಿಗೆ ಮುಟ್ಟಿಸಿದ ಕೂಡಲೇ ಅಳು. ಈ ಸಿಕ್ಕನ್ನ ಮನುಷ್ಯರು ಎಷ್ಟು ಕಾಲದಿಂದ ಬಿಡಿಸ್ತಾ ಬಂದಿದ್ದಾರೆ, ಯಾವುದರಿಂದ ಬಿಡಿಸಿದರು, ಬಿಡಿಸದೇ ಹೋದಾಗ ಏನಾಯ್ತು ಅನ್ನೋದು ಇವತ್ತಿನ ಮಾತು. ಕೊನೆಯ ಪ್ರಶ್ನೆ ನಾವು ಅಂದುಕೊಂಡಷ್ಟು ಸಣ್ಣದಲ್ಲ.

ಎರಡು ಬದಿಯ ಹಲ್ಲು

2016ರಲ್ಲಿ ಇಸ್ರೇಲಿನ ಲಾಕಿಶ್ ಅನ್ನೋ ಪ್ರಾಚೀನ ಪಟ್ಟಣದ ಉತ್ಖನನದಲ್ಲಿ ಆನೆದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಒಂದು ಕಡೆ ಸುಮಾರು ಮೂರೂವರೆ ಸೆಂಟಿಮೀಟರ್, ಇನ್ನೊಂದು ಕಡೆ ಎರಡೂವರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಹಲ್ಲುಗಳೆಲ್ಲ ಯಾವ ಕಾಲಕ್ಕೋ ಮುರಿದು ಹೋಗಿದ್ದವು. ಅದನ್ನ ಎತ್ತಿಟ್ಟರು, ಹಾಗೇ ಇತ್ತು. 2021ರ ಕೊನೆಗೆ ಒಬ್ಬ ಸಂಶೋಧಕಿ ಅದರ ಮೇಲೆ ಸಣ್ಣ ಗೀರುಗಳಿರೋದನ್ನ ಗಮನಿಸಿದರು. ಅವು ಗೀರಲ್ಲ, ಅಕ್ಷರ. ಕಾನಾನೈಟ್ ಲಿಪಿಯ 17 ಅಕ್ಷರ, 7 ಪದ. 2022ರಲ್ಲಿ ಪ್ರಕಟವಾದಾಗ ಅದು ದೊಡ್ಡ ಸುದ್ದಿಯಾಯ್ತು, ಯಾಕಂದ್ರೆ ಆ ಲಿಪಿಯಲ್ಲಿ ಪೂರ್ತಿಯಾಗಿ ಓದಲು ಸಿಕ್ಕ ಮೊದಲ ವಾಕ್ಯ ಅದು. ಕಾಲ ಸುಮಾರು ಕ್ರಿ.ಪೂ. 1700.

ಇಷ್ಟು ಹಳೆಯ ವಾಕ್ಯದಲ್ಲಿ ಏನಿರಬಹುದು? ರಾಜನ ಹೊಗಳಿಕೆಯಾ? ದೇವರ ಸ್ತುತಿಯಾ? ಎರಡೂ ಅಲ್ಲ. ತಲೆಯಲ್ಲೂ ಗಡ್ಡದಲ್ಲೂ ಇರೋ ಹೇನನ್ನ ಈ ದಂತ ನಿರ್ಮೂಲ ಮಾಡಲಿ ಅನ್ನೋ ಹಾರೈಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲ್ಲಿನ ಬುಡದಲ್ಲಿ ಹೇನಿನ ಕುರುಹೂ ಸಿಕ್ಕಿತು.

ನನಗೆ ಅಕ್ಷರಕ್ಕಿಂತ ಹೆಚ್ಚು ಇಷ್ಟವಾಗಿದ್ದು ಅದರ ಹಲ್ಲಿನ ಲೆಕ್ಕ. ಒಂದು ಬದಿಗೆ ದಪ್ಪನೆಯ 6 ಹಲ್ಲು, ಸಿಕ್ಕು ಬಿಡಿಸೋಕೆ. ಇನ್ನೊಂದು ಬದಿಗೆ ಸಣ್ಣನೆಯ 14 ಹಲ್ಲು, ಹೇನು, ಸೀರು ತೆಗೆಯೋಕೆ. ಅಂದ್ರೆ ಆ ಕಾಲದವರಿಗೂ ಗೊತ್ತಿತ್ತು: ಮೊದಲು ಅಗಲ ಹಲ್ಲು, ಆಮೇಲೆ ಸಣ್ಣ ಹಲ್ಲು. ಸಿಕ್ಕಿರೋ ಕೂದಲಿಗೆ ನೇರವಾಗಿ ಸಣ್ಣ ಹಲ್ಲು ಹಾಕಿದರೆ ಸಿಕ್ಕು ಬಿಡೋದಿಲ್ಲ, ಇನ್ನೂ ಬಿಗಿಯಾಗುತ್ತೆ. ಊರಿನ ಜಾತ್ರೆಯಲ್ಲಿ ಮಾರೋ ಮರದ ಬಾಚಣಿಗೆ ನೆನಪಿಸಿಕೊಳ್ಳಿ. ಎರಡು ಬದಿ, ಎರಡು ತರದ ಹಲ್ಲು. ವಿನ್ಯಾಸ ಅದೇ.

ನಮ್ಮ ಧಾರವಾಡದ ಕಡೆ ಬಾಚಣಿಗೆ ಅನ್ನೋದು ಕಡಿಮೆ, ಹಣಿಗೆ ಅಂತೀವಿ, ಬಾಯಿಮಾತಲ್ಲಿ ಹಣಗಿ. ಹಳಗನ್ನಡದಲ್ಲಿ ಅದು ಪಣಿಗೆ. ಬಾಚುವ ಹಣಿಗೆಯೇ ಬಾಚಣಿಗೆ. ನೇಕಾರರ ಮಗ್ಗದಲ್ಲೂ ಒಂದು ಹಣಿಗೆ ಇರುತ್ತೆ. ನೂರಾರು ಎಳೆ ಒಂದಕ್ಕೊಂದು ಸುತ್ತಿಕೊಳ್ಳದ ಹಾಗೆ ಬೇರೆ ಬೇರೆಯಾಗಿ ಹಿಡಿಯೋ ಸಾಧನ. ನೂಲಾಗಲಿ ಕೂದಲಾಗಲಿ, ಎಳೆಗಳ ನಡುವೆ ಜಾಗ ಕಾಯೋದೇ ಹಣಿಗೆಯ ಕೆಲಸ. ಇಲ್ಲಿ ಪುಣೆಯ ಅಂಗಡಿಯಲ್ಲಿ ಕಂಗವಾ ಅಂದ್ರೆ ಸಾಮಾನ್ಯ ಬಾಚಣಿಗೆ ಕೊಡ್ತಾರೆ. ಫಣಿ ಅಂದ್ರೆ ಹೇನು ತೆಗೆಯೋ ಸಣ್ಣ ಹಲ್ಲಿನದ್ದು.

ಸಿಕ್ಕು ಯಾಕೆ ಆಗುತ್ತೆ

ಇತಿಹಾಸದಲ್ಲಿ ಮುಂದೆ ಹೋಗೋಕೆ ಮುಂಚೆ ಸ್ವಲ್ಪ ವಿಜ್ಞಾನ ಬೇಕು. ಕೂದಲು ನೋಡೋಕೆ ನುಣುಪಾದ ದಾರದ ಹಾಗಿದ್ದರೂ ಅದರ ಮೇಲ್ಮೈ ಹಾಗಿಲ್ಲ. ಮಂಗಳೂರು ಹೆಂಚಿನ ಮಾಡು ಇರುತ್ತಲ್ಲ, ಒಂದರ ಮೇಲೆ ಒಂದು ಹೆಂಚು ಹೊದಿಸಿದ ಹಾಗೆ ಕೂದಲ ಮೇಲೆ ಸಣ್ಣ ಸಣ್ಣ ಪದರುಗಳಿರುತ್ತವೆ. ಪದರುಗಳ ಅಂಚು ಕೂದಲಿನ ತುದಿಯ ಕಡೆಗೆ. ಅದಕ್ಕೇ ಬುಡದಿಂದ ತುದಿಗೆ ಬೆರಳು ಸವರಿದರೆ ಜಾರುತ್ತೆ, ತುದಿಯಿಂದ ಬುಡಕ್ಕೆ ಸವರಿದರೆ ತಡೆಯುತ್ತೆ. ಈ ಅಂಚುಗಳು ಒಣಗಿ ಎದ್ದು ನಿಂತಾಗ ಪಕ್ಕದ ಕೂದಲಿಗೆ ಕೊಕ್ಕೆ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತವೆ.

ಮಕ್ಕಳಿಗೆ ಇದು ಹೆಚ್ಚು, ಅದಕ್ಕೆ ಕಾರಣಗಳೂ ಇವೆ. ಅವರ ಕೂದಲು ದೊಡ್ಡವರದ್ದಕ್ಕಿಂತ ತೆಳು. ನೆತ್ತಿಯಲ್ಲಿ ಜಿಡ್ಡು ಸುರಿಸೋ ಗ್ರಂಥಿಗಳು ಹರೆಯ ಹತ್ತಿರ ಬರೋ ತನಕ ಅಷ್ಟು ಕೆಲಸ ಮಾಡೋದಿಲ್ಲ, ಹಾಗಾಗಿ ಕೂದಲಿಗೆ ತನ್ನದೇ ಆದ ಎಣ್ಣೆ ಕಡಿಮೆ. ಜೊತೆಗೆ ನಿದ್ದೆಯಲ್ಲಿ ಹೊರಳಾಟ, ಹಗಲೆಲ್ಲ ಕುಣಿದಾಟ. ಸಿಕ್ಕು ಮಗುವಿನ ಹಟದಿಂದಲೂ ಬಂದಿದ್ದಲ್ಲ, ತಾಯಿಯ ಅಸಡ್ಡೆಯಿಂದಲೂ ಬಂದಿದ್ದಲ್ಲ. ಅದು ಬರೀ ಘರ್ಷಣೆ. ಈ ಮಾತನ್ನ ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಎಣ್ಣೆ, ಸೀಗೆ, ಗೊಂಪು

ಘರ್ಷಣೆಗೆ ಮದ್ದು ಜಾರಿಸುವಿಕೆ. ಇದನ್ನ ನಮ್ಮವರು ಭೌತಶಾಸ್ತ್ರ ಓದದೇ ಕಂಡುಕೊಂಡಿದ್ದರು. ಮೊದಲು ಎಣ್ಣೆ, ಆಮೇಲೆ ಹಣಿಗೆ, ಆಮೇಲೆ ಸ್ನಾನ. ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಹರಳೆಣ್ಣೆ. ಕೊಬ್ಬರಿ ಎಣ್ಣೆ ಬಗ್ಗೆ 2003ರಲ್ಲಿ ಮುಂಬೈನ ಮಾರಿಕೋ ಕಂಪನಿಯ ಇಬ್ಬರು ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಖನಿಜ ತೈಲ, ಸೂರ್ಯಕಾಂತಿ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನ ಕಡಿಮೆ ಮಾಡುತ್ತೆ ಅಂತ ಅವರು ತೋರಿಸಿದರು. ಮಾರಿಕೋ ಕೊಬ್ಬರಿ ಎಣ್ಣೆ ಮಾರೋ ಕಂಪನಿ ಅನ್ನೋದನ್ನೂ ಗಮನದಲ್ಲಿಟ್ಟೇ ಓದಬೇಕು. ಆದರೂ ಆ ಎಣ್ಣೆ ಕೂದಲ ಒಳಗೆ ಇಳಿಯೋದು ನಿಜ.

ತೊಳೆಯೋಕೆ ಸೀಗೆಕಾಯಿ, ಅಂಟುವಾಳಕಾಯಿ. ಎರಡರಲ್ಲೂ ಸಪೋನಿನ್ ಅನ್ನೋ ನೊರೆ ಬರಿಸೋ ವಸ್ತು ಇದೆ. ಹೊರ ಊರಲ್ಲಿರೋರಿಗೆ ಹೆಸರು ಬೇಕಾಗಬಹುದು. ಸೀಗೆಗೆ ಚೆನ್ನೈನಲ್ಲಿ ಸೀಯಕ್ಕಾಯ್, ಪುಣೆಯಲ್ಲಿ ಶಿಕೇಕಾಯಿ. ಅಂಟುವಾಳಕ್ಕೆ ಹೈದರಾಬಾದಿನಲ್ಲಿ ಕುಂಕುಡುಕಾಯಿ, ದೆಹಲಿಯಲ್ಲಿ ರೀಠಾ. ಟ್ಯಾಂಕರಿನ ಗಡಸು ನೀರಲ್ಲಿ ಸೋಪು ಹಾಕಿ ತಲೆ ತೊಳೆದರೆ ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಕೆಸರಿನ ಹಾಗೆ ಕೂದಲಿಗೆ ಕೂರುತ್ತೆ, ಕೂದಲು ಕತ್ತದ ಹಗ್ಗವಾಗುತ್ತೆ. ಸೀಗೆಗೆ ಆ ತೊಂದರೆ ಇಲ್ಲ.

ಮಲೆನಾಡಿನವರು, ಉತ್ತರ ಕನ್ನಡದವರು ಇನ್ನೂ ಒಂದು ಹೆಜ್ಜೆ ಮುಂದೆ. ದಾಸವಾಳದ ಎಲೆ, ಮತ್ತಿ ಎಲೆ ಕಿವುಚಿ ತೆಗೆದ ಲೋಳೆಗೆ ಅಲ್ಲಿ ಗೊಂಪು ಅಂತಾರೆ. ಅದನ್ನ ತಲೆಗೆ ಹಚ್ಚಿದರೆ ಕೂದಲು ಬೆರಳ ನಡುವೆ ಮೀನಿನ ಹಾಗೆ ಜಾರುತ್ತೆ. ಇವತ್ತು ಬಾಟಲಿಯಲ್ಲಿ ಕಂಡೀಷನರ್ ಅಂತ ಬರೋದು ಮಾಡೋ ಕೆಲಸ ಇದೇ.

ಆದರೆ ಹಳೆಯದೆಲ್ಲ ಚಿನ್ನ ಅಂತ ಹೇಳೋಕೆ ನಾನು ಬಂದಿಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದವರು ಅದನ್ನ ಮರೆಯೋದಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಹಂಡೆ ಬಿಸಿನೀರು, ಎಣ್ಣೆ ಇಳಿಯೋ ಮುಖ, ಮೇಲಿಂದ ಸೀಗೆ. ಇಡೀ ವಠಾರದ ಮಕ್ಕಳು ಒಟ್ಟಿಗೆ ಅಳ್ತಿದ್ದರು. ಬಚ್ಚಲಮನೆಯ ಕಣ್ಣೀರಿಗೆ ಸೀಗೆಯ ಬಳಿ ಉತ್ತರ ಇರಲಿಲ್ಲ.

ಪಾಟ್ನಾದಿಂದ ಬ್ರೈಟನ್, ಅಲ್ಲಿಂದ ಸ್ಯಾಷೆ

ಶಾಂಪೂ ಅನ್ನೋ ಪದ ನಮ್ಮ ದೇಶದಿಂದಲೇ ಹೋಗಿದ್ದು. ಹಿಂದಿಯ ಚಾಂಪೊ, ಚಂಪಿ, ಅಂದ್ರೆ ಒತ್ತೋದು, ತೀಡೋದು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಐರ್ಲೆಂಡಿಗೆ ಹೋದರು, 1794ರಲ್ಲಿ ಇಂಗ್ಲಿಷಿನಲ್ಲಿ ಪ್ರವಾಸದ ಪುಸ್ತಕ ಬರೆದರು, 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲ್ ತೆಗೆದರು. ಹೋಟೆಲ್ ನಡೆಯಲಿಲ್ಲ. ಆಮೇಲೆ ಬ್ರೈಟನ್ ಅನ್ನೋ ಸಮುದ್ರತೀರದ ಊರಲ್ಲಿ ಹಬೆಸ್ನಾನ, ಮಾಲೀಶಿನ ಸ್ನಾನಗೃಹ ಶುರು ಮಾಡಿ ಇಂಗ್ಲೆಂಡಿನ ಇಬ್ಬರು ರಾಜರಿಗೆ ಅಧಿಕೃತ 'ಶಾಂಪೂ ವೈದ್ಯ' ಆದರು. ಊರು ಬಿಟ್ಟು ಹೋಗಿ, ಒಂದು ಕೆಲಸ ಕೈಕೊಟ್ಟಾಗ ಇನ್ನೊಂದು ಹಿಡಿದು ನೆಲೆ ನಿಂತವರು. ನಮ್ಮಂಥೋರಿಗೆ ಹಿರಿಯಣ್ಣ ಅನ್ನಬಹುದು. ಆಗ ಶಾಂಪೂ ಅಂದ್ರೆ ಮಾಲೀಶು. ಕೂದಲು ತೊಳೆಯೋ ಅರ್ಥ ಬಂದಿದ್ದು ಆಮೇಲೆ.

ದೊಡ್ಡ ತಿರುವು 1934ರಲ್ಲಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಡ್ರೀನ್ ಅನ್ನೋ ಶಾಂಪೂ ತಂದಿತು. ಅದು ಸೋಪಲ್ಲ, ಕೃತಕ ಡಿಟರ್ಜೆಂಟ್. ಗಡಸು ನೀರಲ್ಲೂ ಕೆಸರು ಕಟ್ಟದೆ ತೊಳೆಯಿತು. ಎಷ್ಟು ಚೆನ್ನಾಗಿ ತೊಳೆಯಿತು ಅಂದ್ರೆ ಕೂದಲಲ್ಲಿದ್ದ ಜಿಡ್ಡನ್ನೂ ಹೊತ್ತೊಯ್ದಿತು. ಈಗ ಕೂದಲು ಸ್ವಚ್ಛ, ಆದರೆ ಒಣ. ಸಿಕ್ಕು ಹೊಸ ರೂಪದಲ್ಲಿ ವಾಪಸ್ ಬಂತು. ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಹುಟ್ಟೋದು ನಿಮಗೆ ಹೊಸದೇನಲ್ಲ, ಅಲ್ವಾ? ಅದನ್ನ ಸರಿ ಮಾಡೋಕೆ ಬಂದಿದ್ದು ಕಂಡೀಷನರ್. ಒದ್ದೆ ಕೂದಲ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತೆ. ಕಂಡೀಷನರಿನ ಅಣುಗಳಿಗೆ ಧನ ವಿದ್ಯುದಂಶ. ಅವು ಕೂದಲಿಗೆ ಅಂಟಿಕೊಂಡು ತೆಳ್ಳನೆಯ ಜಾರು ಪದರ ಕಟ್ಟುತ್ತವೆ, ನೀರು ಹಾಕಿದರೂ ಪೂರ್ತಿ ಹೋಗೋದಿಲ್ಲ.

1950ರ ದಶಕದ ಆರಂಭದಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಮಕ್ಕಳ ಶಾಂಪೂ ತಂದಿತು, ಕಣ್ಣೀರಿಲ್ಲ ಅನ್ನೋ ಭರವಸೆಯ ಜೊತೆ. ಕಣ್ಣಿಗೆ ಉರಿ ಮಾಡದ ಮೃದು ಡಿಟರ್ಜೆಂಟ್ ಅದರ ಗುಟ್ಟು. ಬಚ್ಚಲಮನೆಯ ಕಣ್ಣೀರಿಗೆ ಉತ್ತರ ಸಿಕ್ಕಿತು. ಬಾಚಣಿಗೆಯ ಕಣ್ಣೀರು ಬೇರೆ, ಅದು ನೆತ್ತಿಯ ನೋವು. ಬಾಟಲಿಯ ಮೇಲೆ ಏನೇ ಬರೆದಿದ್ದರೂ ಕೈಯ ವೇಗ ಬದಲಾಗದೆ ಅದು ನಿಲ್ಲೋದಿಲ್ಲ.

ನಮ್ಮಲ್ಲಿ ಶಾಂಪೂ ಹಳ್ಳಿಹಳ್ಳಿಗೂ ಬಂದಿದ್ದು ಬಾಟಲಿಯಲ್ಲಲ್ಲ, ಸ್ಯಾಷೆಯಲ್ಲಿ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಇದಕ್ಕೆ ದಾರಿ ತೆರೆದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದರು. ಕಿರಾಣಿ ಅಂಗಡಿಯ ಮುಂದೆ ತೋರಣದ ಹಾಗೆ ತೂಗೋ ಸ್ಯಾಷೆಗಳನ್ನ ನೋಡಿ ಬೆಳೆದವರು ನಾವು. ಶಾಂಪೂ ಚಿಲ್ಲರೆ ಕಾಸಿಗೆ ಸಿಕ್ಕಿತು, ಆದರೆ ಅದರ ಜೋಡಿಯಾದ ಕಂಡೀಷನರ್ ಬಹಳ ಮನೆಗಳಿಗೆ ಜೊತೆಯಲ್ಲಿ ಬರಲಿಲ್ಲ. ಎಣ್ಣೆ ಹಚ್ಚೋ ರೂಢಿ ಉಳಿದಿದ್ದಲ್ಲಿ ನಡೀತು. ಅದೂ ತಪ್ಪಿದ ಮನೆಯಲ್ಲಿ ಬೆಳಗಿನ ಅಳು ಜಾಸ್ತಿಯಾಯ್ತು.

ಬಿಡಿಸದೇ ಉಳಿದ ಸಿಕ್ಕು

ಈಗ ಮೊದಲೇ ಹೇಳಿದ ಆ ಕೊನೆಯ ಪ್ರಶ್ನೆಗೆ ಬರೋಣ. ಸಿಕ್ಕು ಬಿಡಿಸದೇ ಬಿಟ್ಟರೆ ಏನಾಗುತ್ತೆ? ಗಂಟಿಗೆ ಗಂಟು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗುತ್ತೆ. ಅಲ್ಲಿಂದ ಮುಂದಿನದು ಕೂದಲಿನ ಕತೆಯಲ್ಲ, ಜನ ಅದಕ್ಕೆ ಕೊಟ್ಟ ಅರ್ಥದ ಕತೆ.

ಪೋಲೆಂಡಿನಲ್ಲಿ ಇದಕ್ಕೆ ಕೊವ್ತುನ್ ಅಂತ ಹೆಸರಿತ್ತು. ಮೈಯೊಳಗಿನ ಕಾಯಿಲೆ ಕೂದಲಿನ ಮೂಲಕ ಹೊರಗೆ ಬರ್ತಿದೆ, ಕತ್ತರಿಸಿದರೆ ಕುರುಡಾಗ್ತಾರೆ, ಹುಚ್ಚು ಹಿಡಿಯುತ್ತೆ ಅಂತ ನಂಬಿದ್ದರು. ಹಾಗಾಗಿ ವರ್ಷಗಟ್ಟಲೆ ಹೊತ್ತು ತಿರುಗಿದರು. 19ನೇ ಶತಮಾನದ ಮಧ್ಯದಲ್ಲಿ ಕ್ರಾಕೋವ್ ವಿಶ್ವವಿದ್ಯಾಲಯದ ವೈದ್ಯ ಯೂಜೆಫ್ ಡೀಟ್ಲ್ ಇದು ರೋಗವೇ ಅಲ್ಲ, ಬಾಚದ ಕೂದಲು ಅಷ್ಟೇ ಅಂತ ಬಲವಾಗಿ ವಾದಿಸಿದರು. ಮುಂದೆ ಅವರು ಅದೇ ಊರಿನ ಮೇಯರ್ ಕೂಡ ಆದರು.

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1845ರಲ್ಲಿ ಹೈನ್ರಿಶ್ ಹಾಫ್‌ಮನ್ ಅನ್ನೋ ವೈದ್ಯರ ಮಕ್ಕಳ ಚಿತ್ರಪುಸ್ತಕ ಬಂತು, ಅವರ ಮೂರು ವರ್ಷದ ಮಗನಿಗಾಗಿ ಮಾಡಿದ್ದು. ಅದರಲ್ಲಿ ತಲೆ ಬಾಚಿಸಿಕೊಳ್ಳದ, ಉಗುರು ಕತ್ತರಿಸಿಕೊಳ್ಳದ ಹುಡುಗ ಸ್ಟ್ರೂವೆಲ್‌ಪೇಟರ್. ಅವನನ್ನ ಮಕ್ಕಳು ನೋಡಿ ಹೇಸಬೇಕು ಅನ್ನೋದು ಉದ್ದೇಶ. ಪೋಲೆಂಡಿನಲ್ಲಿ ಸಿಕ್ಕು ಕಾಯಿಲೆ ಆಯ್ತು, ಜರ್ಮನಿಯಲ್ಲಿ ಮಗುವಿನ ಕೆಟ್ಟತನ ಆಯ್ತು.

ನಮ್ಮಲ್ಲಿ ಅದು ದೇವಿ ಆಯ್ತು. ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಜನ ಬರ್ತಾರೆ. ಆ ಭಕ್ತರಲ್ಲಿ ಕೂದಲು ಗಂಟಾಗಿ ಜಡೆ ಕಟ್ಟಿದರೆ ಯಲ್ಲಮ್ಮ ಬಂದಿದ್ದಾಳೆ ಅನ್ನೋ ನಂಬಿಕೆ ಇದೆ. ಬಂದ ಮೇಲೆ ಹಣಿಗೆ ಮುಟ್ಟಿಸೋ ಹಾಗಿಲ್ಲ, ಕತ್ತರಿ ಅಂತೂ ದೂರ. ಭಂಡಾರ ಹಚ್ಚಿ ಪೂಜೆ. ಇಷ್ಟೇ ಆಗಿದ್ದರೆ ಒಬ್ಬೊಬ್ಬರ ಭಕ್ತಿ ಅನ್ನಬಹುದಿತ್ತು. ಆದರೆ ಹುಡುಗಿಯ ತಲೆಯಲ್ಲಿ ಜಡೆ ಕಂಡರೆ, ದೇವಿ ಇವಳನ್ನ ಕೇಳ್ತಾ ಇದ್ದಾಳೆ ಅಂತ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟ ಉದಾಹರಣೆಗಳಿವೆ. ದೇವದಾಸಿಯರಾಗೋಕೆ ಅದೊಂದೇ ಕಾರಣ ಅಲ್ಲ. ಬಡತನ, ಜಾತಿ, ಗಂಡುಮಗ ಇಲ್ಲದ ಮನೆ, ಹರಕೆ, ಎಲ್ಲ ಸೇರಿದ್ದವು. ಆದರೂ ಯೋಚನೆ ಮಾಡಿ. ಕೂಲಿಗೆ ಹೋಗೋ ತಾಯಿಗೆ ಎಣ್ಣೆಗೆ ಕಾಸಿಲ್ಲ, ಮಗಳ ತಲೆ ಬಾಚೋಕೆ ಹೊತ್ತಿಲ್ಲ. ತೆಳು ಕೂದಲು, ಧೂಳು, ಬೆವರು. ಆ ಗಂಟನ್ನ ನೋಡಿ ಊರು ಒಂದು ಹುಡುಗಿಯ ಇಡೀ ಬದುಕನ್ನ ಬರೆದುಬಿಡುತ್ತೆ.

ಇದನ್ನ ತಡೆಯೋಕೆ ಕಾನೂನುಗಳು ಬಂದವು. 1934ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ, ಆಗ ಬೆಳಗಾವಿ, ಧಾರವಾಡ, ವಿಜಾಪುರ ಆ ಪ್ರಾಂತ್ಯದಲ್ಲೇ ಇದ್ದವು. ಆಮೇಲೆ ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ. ಕಾನೂನು ಸಮರ್ಪಣೆಯನ್ನ ನಿಷೇಧಿಸಬಹುದು, ಕೂದಲ ಗಂಟಿನ ಭಯವನ್ನ ಬಿಡಿಸೋಕೆ ಅದಕ್ಕೆ ಕೈಯಿಲ್ಲ. ಆ ಕೆಲಸ ಮನೆಮನೆಗೆ ಹೋಗಿ ಮಾಡಬೇಕು. ನರೇಂದ್ರ ದಾಭೋಲ್ಕರ್ ಕಟ್ಟಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಅದನ್ನ ಮಾಡ್ತಾ ಬಂದಿದ್ದಾರೆ. ದಾಭೋಲ್ಕರ್ ಅವರನ್ನ 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಕೆಲಸ ನಿಲ್ಲಲಿಲ್ಲ. ಪುಣೆಯ ನಂದಿನಿ ಜಾಧವ್ ನೂರಕ್ಕೂ ಹೆಚ್ಚು ಹೆಂಗಸರ ಜಡೆಯನ್ನ ಅವರ ಒಪ್ಪಿಗೆ ಪಡೆದು, ಮಾತಾಡಿ ಧೈರ್ಯ ತುಂಬಿ ತೆಗೆದಿದ್ದಾರೆ. ವರ್ಷಗಟ್ಟಲೆ ಆ ಭಾರ ಹೊತ್ತು ಕುತ್ತಿಗೆ ನೋವು, ಹೇನು, ನಿದ್ದೆಯಿಲ್ಲದ ರಾತ್ರಿ ಕಂಡವರು ಅವರು.

ಇಲ್ಲಿ ಒಂದು ಮಾತು ಸೇರಿಸಬೇಕು. ದೊಡ್ಡ ಹೆಂಗಸು ತಾನಾಗಿ ಜಡೆ ಇಟ್ಟುಕೊಂಡರೆ ಅದನ್ನ ಕಿತ್ತು ಹಾಕೋ ಹಕ್ಕು ನಮಗಿಲ್ಲ. ಒಪ್ಪಿಗೆ ಅನ್ನೋದು ಎರಡೂ ಕಡೆಗೆ ಬೇಕು. ಆದರೆ ಐದು ವರ್ಷದ ಮಗು ಏನನ್ನೂ ಆರಿಸಿಕೊಂಡಿರೋದಿಲ್ಲ. ಅದರ ತಲೆಯ ಗಂಟಿಗೆ ಅರ್ಥ ಕೊಡೋರು ದೊಡ್ಡವರು.

ಬಾಚಿದರೂ ಕೂರದ ಕೂದಲು

ಇನ್ನೂ ಒಂದು ಸಂಗತಿ. ಕೆಲವೇ ಕೆಲವು ಮಕ್ಕಳಿಗೆ ಎಷ್ಟು ಬಾಚಿದರೂ ಕೂದಲು ಗಾಜಿನ ನೂಲಿನ ಹಾಗೆ ಎಲ್ಲ ದಿಕ್ಕಿಗೂ ಎದ್ದು ನಿಲ್ಲುತ್ತೆ. ವೈದ್ಯರು ಇದನ್ನ 1970ರ ದಶಕದಲ್ಲಿ ಬಾಚಲಾಗದ ಕೂದಲಿನ ಲಕ್ಷಣ ಅಂತ ಗುರುತಿಸಿದರು. 2016ರಲ್ಲಿ ಅದಕ್ಕೆ ಕಾರಣವಾದ ಮೂರು ಜೀನುಗಳು ಗೊತ್ತಾದವು. ಕೂದಲಿನ ಕಾಂಡ ದುಂಡಗಿರದೆ ತ್ರಿಕೋನದ ಹಾಗಿರುತ್ತೆ. ಬೆಳೀತಾ ಬೆಳೀತಾ ಬಹಳಷ್ಟು ಮಕ್ಕಳಿಗೆ ಸರಿಹೋಗುತ್ತೆ. ಸ್ಟ್ರೂವೆಲ್‌ಪೇಟರ್‌ನನ್ನ ನೋಡಿ ನಕ್ಕ ಮಕ್ಕಳ ನಡುವೆ ಇಂಥ ಒಂದು ಮಗುವೂ ಕೂತಿದ್ದಿರಬಹುದು, ಅಲ್ವಾ?

ಹಣಿಗೆಯ ಕತೆಯೂ ನಿಂತಿಲ್ಲ. 2007ರಲ್ಲಿ ಬ್ರಿಟನ್ನಿನ ಕ್ಷೌರಿಕ ಶಾನ್ ಪಲ್‌ಫ್ರಿ ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಸಿಕ್ಕು ಬಿಡಿಸೋ ಹೊಸ ಬ್ರಶ್ ಹಿಡಿದು ಬಂದರು. ಉದ್ದ ಹಲ್ಲು, ಗಿಡ್ಡ ಹಲ್ಲು, ಎಲ್ಲವೂ ಬಾಗೋ ಪ್ಲಾಸ್ಟಿಕ್. ಐವರು ಹೂಡಿಕೆದಾರರೂ ಬೇಡ ಅಂದರು. ಆ ಟ್ಯಾಂಗಲ್ ಟೀಜರ್ ಆಮೇಲೆ ಜಗತ್ತಿನ ತುಂಬ ಮಾರಾಟವಾಯ್ತು. ಹಲ್ಲು ಕೂದಲಿಗೆ ಬಗ್ಗಬೇಕು, ಕೂದಲು ಹಲ್ಲಿಗೆ ಬಗ್ಗೋದಲ್ಲ ಅನ್ನೋದೇ ಅದರ ತತ್ವ.

ನಾಳೆ ಬೆಳಿಗ್ಗೆಗೆ

ನಮ್ಮ ಮನೆಯಲ್ಲಿ ಬೆಳಗಿನ ತಲೆಬಾಚುವ ಪಾಳಿ ನನ್ನದು, ಹೆಂಡತಿಯ ಕ್ಯಾಬ್ ಬೇಗ ಬರುತ್ತೆ. ಹಾಗಾಗಿ ಇತಿಹಾಸದಿಂದ ನಾನು ಕಲಿತಿದ್ದು ದಿನಾ ಪರೀಕ್ಷೆಗೆ ಒಳಗಾಗುತ್ತೆ. ರಾತ್ರಿಯೇ ಎರಡು ಹನಿ ಎಣ್ಣೆ ಹಚ್ಚಿ ಸಡಿಲವಾಗಿ ಹೆಣೆದರೆ ಬೆಳಗಿನ ಅರ್ಧ ಕೆಲಸ ಮುಗೀತು. ತಲೆ ತೊಳೆದ ದಿನ ಟವೆಲಲ್ಲಿ ಗಸಗಸ ಉಜ್ಜಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಕೂದಲು ಹೆಚ್ಚು ಹಿಗ್ಗುತ್ತೆ, ಬೇಗ ಮುರಿಯುತ್ತೆ. ಗುಂಗುರು ಕೂದಲಾದರೆ ಕಂಡೀಷನರ್ ಇರೋವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಿ. ನೇರ ಕೂದಲಾದರೆ ಸ್ವಲ್ಪ ಆರಲಿ.

ಕೈಯ ಕ್ರಮಕ್ಕೆ ನಮ್ಮ ಅಜ್ಜಿಯ ಒಂದು ಸಾಲು ಸಾಕು: "ಬುಡಕ್ಕ ಕೈ ಹಾಕಬ್ಯಾಡ, ತುದಿಯಿಂದ ಬಾ." ಅಂದ್ರೆ ಕೊನೆಯ ಎರಡು ಬೆರಳಷ್ಟು ಕೂದಲನ್ನ ಮೊದಲು ಕೆಳಮುಖವಾಗಿ ಬಿಡಿಸಿ, ಆಮೇಲೆ ಅದರ ಮೇಲಿನ ಎರಡು ಬೆರಳು, ಹೀಗೆ ಮೇಲಕ್ಕೆ ಏರಿ. ಮೇಲಿಂದ ಒಂದೇ ಸಲ ಎಳೆದರೆ ಮೇಲಿನ ಗಂಟೆಲ್ಲ ಜಾರಿ ಕೆಳಗಿನ ಗಂಟಿಗೆ ಸೇರುತ್ತೆ. ಇನ್ನೊಂದು ಕೈಯಲ್ಲಿ ಗಂಟಿನ ಮೇಲ್ಭಾಗದ ಕೂದಲನ್ನ ಗಟ್ಟಿಯಾಗಿ ಹಿಡಿದುಕೊಳ್ಳಿ. ಎಳೆತ ನಿಮ್ಮ ಮುಷ್ಟಿಗೆ ಬೀಳುತ್ತೆ, ನೆತ್ತಿಗೆ ಹೋಗೋದಿಲ್ಲ. ಬಿಡದ ಗಂಟಿಗೆ ಇನ್ನೊಂದು ಹನಿ ಎಣ್ಣೆ, ಬೆರಳಲ್ಲಿ ಬಿಡಿಸಿ. ಅದಕ್ಕೂ ಬಿಡದಿದ್ದರೆ ಕತ್ತರಿಯಿಂದ ಆ ಒಂದು ಗಂಟು ತೆಗೆದುಬಿಡಿ. ಕೂದಲು ಮತ್ತೆ ಬೆಳೆಯುತ್ತೆ. ಯಾರಿಗೂ ಏನೂ ಆಗೋದಿಲ್ಲ.

ಈ ಕೊನೆಯ ಮಾತು ನಮಗೆ ತೀರಾ ಸಾಮಾನ್ಯ ಅನ್ನಿಸಬಹುದು. ಕ್ರಾಕೋವಿನಲ್ಲಿ ಒಬ್ಬ ವೈದ್ಯರಿಗೆ ಅದನ್ನ ಹೇಳೋಕೆ ವರ್ಷಗಳೇ ಬೇಕಾದವು. ಇಲ್ಲಿ, ನಾವು ಆಫೀಸಿಗೆ ಹೋಗೋ ಇದೇ ಊರಲ್ಲಿ, ಅದನ್ನ ಇವತ್ತಿಗೂ ಮನೆಮನೆಗೆ ಹೋಗಿ ಹೇಳ್ತಾ ಇರೋರಿದ್ದಾರೆ. ನಿಮ್ಮ ಮನೆಗೆ ಕೆಲಸಕ್ಕೆ ಬರೋರ ಮಗಳ ತಲೆಯಲ್ಲಿ ಅಂಥ ಗಂಟು ಕಂಡರೆ ಮುಖ ತಿರುಗಿಸಬೇಡಿ. ಒಂದು ಅಗಲ ಹಲ್ಲಿನ ಹಣಿಗೆ, ಸ್ವಲ್ಪ ಎಣ್ಣೆ, ಅರ್ಧ ಗಂಟೆ ಪುರುಸೊತ್ತು, ಮೊದಲು ಆ ತಾಯಿಯ ಜೊತೆ ನಾಲ್ಕು ಮಾತು. ಗಂಟು ಸಣ್ಣದಿದ್ದಾಗ ಇಷ್ಟು ಸಾಕಾಗುತ್ತೆ.

ನಿಮ್ಮ ಊರಲ್ಲಿ ಹಣಿಗೆಗೆ, ಗೊಂಪಿಗೆ ಏನಂತಾರೆ, ನಿಮ್ಮ ಮನೆಯಲ್ಲಿ ಯಾವ ಉಪಾಯ ಕೆಲಸ ಮಾಡಿತು ಅಂತ ಬರೆದು ತಿಳಿಸಿ.